ಎಡ ಸೊಂಟದ ಕಿಸೆ

ಮನುಷ್ಯನಿಗೆ ಕಿವಿರು ಬಂದ ಮೇಲೆ ಅವನು ಮೊದಲು ಬಿಸಾಡಿದ್ದು ಚಾಕುವನ್ನು.

ಮೀನಿಗೂ ಕಿವಿರು ಇದೆ, ಆದರೆ ಅದು ತನ್ನ ಮುಳ್ಳನ್ನು ಬಿಸಾಡಲಿಲ್ಲ. ತೇಡೆ ಮೀನನ್ನು ಬರಿಗೈಯಲ್ಲಿ ಹಿಡಿಯಲು ಹೋದವನನ್ನು ಕೇಳಿ. ಅದು ತನ್ನ ಆಯುಧವನ್ನು ಎಲ್ಲಿ ಇಟ್ಟುಕೊಂಡಿದೆ ಎಂಬುದನ್ನು ಅವನು ಅಂಗೈಯ ಗಾಯ ತೋರಿಸಿ ಹೇಳುತ್ತಾನೆ. ಸಮುದ್ರದಲ್ಲಿ ಏನೂ ಇಲ್ಲದೆ ತಿರುಗುವ ಜೀವಿ ಇನ್ನೊಂದರ ಊಟ. ಇಷ್ಟನ್ನು ತಿಳಿಯಲು ಶಾಲೆ ಬೇಡ. ಆದರೆ ಜಲಶ್ವಾಸ ಕಂಪನಿಯವರು ಬಹಳ ಓದಿದವರು.

ಅವರ ಕಿವಿರುಪಟ್ಟಿ ನಮ್ಮ ಕರಾವಳಿಗೆ ಬಂದು ಆರು ವರ್ಷವಾಯಿತು. ವೀಳ್ಯದೆಲೆಗಿಂತ ತೆಳ್ಳಗಿನ ನೂರಾರು ಹಾಳೆಗಳನ್ನು ಒತ್ತಿ ಮಾಡಿದ ಹಲಗೆ ಅದು. ಬೆನ್ನಿನ ಮೇಲೆ, ಎರಡು ಹೆಗಲುಗಳ ನಡುವೆ ಕಟ್ಟಿಕೊಳ್ಳುತ್ತಾರೆ. ಒಳಗಿರುವ ಪುಟ್ಟ ಪಂಪು ನಿಮಿಷಕ್ಕೆ ಇನ್ನೂರು ಲೀಟರು ಸಮುದ್ರದ ನೀರನ್ನು ಆ ಹಾಳೆಗಳ ನಡುವೆ ಹಾಯಿಸುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಸೋಸಿ ಮುಳುಗುವವನ ಬಾಯಿಗೆ ಬರುತ್ತದೆ. ಸಿಲಿಂಡರ್ ಹೊತ್ತು ಇಳಿಯುತ್ತಿದ್ದ ನಮಗೆ ಕೆಳಗೆ ಐವತ್ತು ನಿಮಿಷ ಸಿಕ್ಕರೆ ಪುಣ್ಯ. ಈಗಿನವರು ಐದು ತಾಸು ಕೆಳಗಿದ್ದು ಬರುತ್ತಾರೆ. ಇದು ದೊಡ್ಡ ಕೆಲಸ, ನಾನು ಅಲ್ಲಗಳೆಯುವುದಿಲ್ಲ. ಕಂಡುಹಿಡಿದವರ ಬುದ್ಧಿಗೆ ಕೈ ಮುಗಿಯುತ್ತೇನೆ. ಅದಾದ ಮೇಲೆ ಆ ಬುದ್ಧಿ ಯಾವ ಕಡೆ ಎದ್ದು ಹೋಯಿತು ಎಂಬುದಷ್ಟೇ ತಿಳಿಯದು.

ಪಟ್ಟಿ ಕೊಡುವ ಉಸಿರು ಅಳತೆಯದು. ಮೈ ಹೆಚ್ಚು ದುಡಿದರೆ ಸಾಲುವುದಿಲ್ಲ. ಮೈಮೇಲೆ ಒಂದು ಕೊಕ್ಕೆ ತೂಗಾಡಿದರೂ ನೀರು ಅದನ್ನು ಹಿಂದಕ್ಕೆ ಎಳೆಯುತ್ತದೆ, ಈಜುವವನಿಗೆ ಅಷ್ಟು ಹೆಚ್ಚು ಉಸಿರು ಬೇಕಾಗುತ್ತದೆ. ಇದೂ ನಿಜ. ಈ ನಿಜದಿಂದ ಕಂಪನಿಯವರು ತೆಗೆದ ತೀರ್ಮಾನವೆಂದರೆ, ಮೈಮೇಲೆ ಏನೂ ಇರಬಾರದು. ಅದಕ್ಕೆ ‘ಖಾಲಿ ಮೈ’ ಎಂದು ಹೆಸರಿಟ್ಟರು. ಚಾಕು, ದೀಪ, ಹಗ್ಗದ ಸುರುಳಿ, ಸೀಟಿ ಎಲ್ಲವನ್ನೂ ಕಿತ್ತು, ಮುಳುಗುವವನ ಹಿಂದೆ ಈಜಿಕೊಂಡು ಬರುವ ಒಂದು ಯಂತ್ರದ ಹೊಟ್ಟೆಗೆ ತುಂಬಿದರು. ಯಂತ್ರದ ಹೆಸರು ‘ಮರಿ’. ಬಲ ಅಂಗೈ ಬಿಚ್ಚಿ ಬೆರಳು ತೋರಿಸಿದರೆ ಮರಿ ನಾಲ್ಕು ಸೆಕೆಂಡಿನಲ್ಲಿ ಬಂದು ಕೇಳಿದ್ದನ್ನು ಕೈಗಿಡುತ್ತದೆ. ದೊಡ್ಡ ಮನೆತನದವರು ಛತ್ರಿ ಹಿಡಿಯಲು ಆಳನ್ನು ಇಟ್ಟುಕೊಂಡಂತೆ.

ಅಳಿವೆಬಾಗಿಲಿನ ಬಂದರಿನ ಗೋಡೆಗೆ ಅವರು ಒಂದು ಚಿತ್ರ ಹಚ್ಚಿದ್ದಾರೆ. ಮೈಗಂಟಿದ ನೀಲಿ ಅಂಗಿಯ ಯುವಕ, ಅಂಗಿಗೆ ಒಂದು ಕಿಸೆಯಿಲ್ಲ, ಒಂದು ಉಂಗುರವಿಲ್ಲ. ಕೆಳಗೆ ‘ಮೀನಿನಂತೆ ಹಗುರ’ ಎಂದು ಬರೆದಿದೆ. ಆ ಚಿತ್ರದ ನೆರಳಿನಲ್ಲಿ ಕುಳಿತು ಬಂಗುಡೆ ಮಾರುವ ಹೆಂಗಸರ ಸೊಂಟದಲ್ಲಿ ಸಂಚಿ ಇರುತ್ತದೆ, ಮೊಣಕಾಲಿನ ಪಕ್ಕ ಕತ್ತಿ ಇರುತ್ತದೆ. ಕಣ್ಣು ಮುಚ್ಚಿ ಕೈ ಚಾಚಿದರೂ ಅವರಿಗೆ ಅವು ಸಿಗುತ್ತವೆ. ಅವರನ್ನು ಯಾರೂ ಗೋಡೆಗೆ ಹಚ್ಚಿಲ್ಲ.

ನಾನು ಈರಪ್ಪ ಹರಿಕಂತ್ರ. ನಲವತ್ತು ವರ್ಷ ಮುಳುಗುಗಾರರಿಗೆ ಮೈಪಟ್ಟಿ ಹೊಲಿದೆ, ಮುಳುಗುವುದನ್ನು ಕಲಿಸಿದೆ. ಊರವರು ಮಾಸ್ತರ ಎನ್ನುತ್ತಾರೆ. ನನ್ನ ಪಟ್ಟಿಯಲ್ಲೂ ಹೆಚ್ಚೇನೂ ಇರುತ್ತಿರಲಿಲ್ಲ. ಬೆನ್ನಿಗೆ ಒಂದು ಹಲಗೆ, ಹೆಗಲಿನಿಂದ ಸೊಂಟಕ್ಕೆ ಸುತ್ತಿ ಬರುವ ಒಂದೇ ತುಂಡು ಪಟ್ಟಿ, ಐದು ಉಂಗುರ, ಅಷ್ಟೇ. ಬಳೆಗಾರನ ಹಾಗೆ ಮೈತುಂಬ ಸಾಮಾನು ತೂಗಿಸಿಕೊಂಡು ಬಂದವರನ್ನು ನಾನು ದೋಣಿ ಹತ್ತಿಸುತ್ತಿರಲಿಲ್ಲ. ಯಾವುದೂ ತೂಗಬಾರದು, ಯಾವುದೂ ಎರಡಿರಬಾರದು, ಪ್ರತಿಯೊಂದಕ್ಕೂ ಒಂದೇ ಜಾಗ. ದೀಪವನ್ನು ಭುಜದ ಪಟ್ಟಿಗೆ ಒತ್ತಿ, ಸೈಕಲ್ ಟ್ಯೂಬು ಕೊಯ್ದು ಮಾಡಿದ ರಬ್ಬರ್ ಬಳೆಯೊಳಗೆ ತೂರಿಸಬೇಕು. ಕಬ್ಬಿಣದ ಕೊಕ್ಕೆಯನ್ನು ಕಬ್ಬಿಣಕ್ಕೆ ನೇರ ಕಟ್ಟಬಾರದು, ನಡುವೆ ದಾರ ಇರಬೇಕು. ಕೊಕ್ಕೆ ಜಾಮ್ ಆದರೆ ದಾರ ಕೊಯ್ಯಬಹುದು. ಕೊಯ್ಯುವ ಚಾಕು ಎಡ ಸೊಂಟದಲ್ಲಿ, ಪಟ್ಟಿಗೇ ಹೊಲಿದ ಕಿಸೆಯಲ್ಲಿ. ಯಾಕೆಂದರೆ ಅಲ್ಲಿಗೆ ಎರಡೂ ಕೈ ಎಟಕುತ್ತವೆ. ಕಡಿಮೆ ಇಟ್ಟುಕೊಳ್ಳುವುದು ಒಂದು ವಿದ್ಯೆ. ಏನೂ ಇಟ್ಟುಕೊಳ್ಳದಿರುವುದು ಸೋಮಾರಿತನ.

ಕೆಳಗೆ ಇಳಿದ ತಕ್ಷಣ ಐದೂ ಜಾಗವನ್ನು ಮುಟ್ಟಿ ನೋಡಬೇಕು. ಅದಕ್ಕೆ ನಾನು ಒಂದೊಂದು ಹೆಸರು ಕಲಿಸಿದ್ದೆ. ಬಲ ಭುಜ ಸೂರ್ಯದೇವ, ಅಲ್ಲಿ ದೀಪ. ಎಡ ಭುಜ ವಾಯು, ಅಲ್ಲಿ ಗಾಳಿಯ ನಳಿಗೆ. ಬಲ ತೊಡೆ ಗಂಗಮ್ಮ, ಅಲ್ಲಿ ಹಗ್ಗದ ಸುರುಳಿ. ಬೆನ್ನ ಕೆಳಗಿನ ಉಂಗುರ ಶೇಷ, ಅಲ್ಲಿ ಮೇಲಕ್ಕೆ ಬಿಡುವ ತೇಲುಬುರುಡೆ. ಎಡ ಸೊಂಟ ನಮ್ಮ ಕರಾವಳಿ ಕಾಯುವ ಜಟಗ, ಅಲ್ಲಿ ಚಾಕು. ಹೆದರಿದಾಗ ಸಾಮಾನಿನ ಹೆಸರು ಮರೆಯುತ್ತದೆ, ದೇವರ ಹೆಸರು ಮರೆಯುವುದಿಲ್ಲ. ಇದು ನನ್ನ ಲೆಕ್ಕವಾಗಿತ್ತು. ಕಂಪನಿಯವರು ಈ ಮುಟ್ಟುವಿಕೆಯನ್ನು ಮೊದಲ ವಾರವೇ ನಿಲ್ಲಿಸಿದರು. ಸುಮ್ಮನೆ ಕೈಯಾಡಿಸಿದರೆ ಉಸಿರು ಪೋಲಾಗುತ್ತದಂತೆ.

ನನ್ನ ಮಗಳು ಗುಲಾಬಿ ಖಾಲಿ ಮೈಯಲ್ಲಿ ಸತ್ತಳು. ಸತ್ತ ನಲವತ್ತೊಂದನೆಯ ದಿನ, ಒಂದು ಗುರುವಾರ, ಕಂಪನಿಯವರು ನನ್ನನ್ನು ಕರೆಸಿದರು.

*

ನಿಯಂತ್ರಣ ಕೊಠಡಿ ಬಂದರಿನ ಹಳೆಯ ಐಸ್ ಕಾರ್ಖಾನೆಯ ಮಹಡಿಯಲ್ಲಿದೆ. ಐಸ್ ಹೋದರೂ ಚಳಿ ಹೋಗಿಲ್ಲ. ಗೋಡೆಯ ತುಂಬ ಪರದೆಗಳು, ಅವುಗಳ ಮೇಲೆ ಕೆಳಗಿರುವ ಪ್ರತಿಯೊಬ್ಬನ ಉಸಿರು, ನಾಡಿ, ಕೈಕಾಲಿನ ಚಲನೆ ಗೆರೆಗೆರೆಯಾಗಿ ಓಡುತ್ತಿರುತ್ತವೆ. ಅವುಗಳ ಮುಂದೆ ಕುಳಿತಿದ್ದವಳು ಮೋಹಿನಿ ಅಂಬಿಗ, ಗುಲಾಬಿಯ ಜೊತೆ ಶಾಲೆಗೆ ಹೋದವಳು. ಗುಲಾಬಿ ಸತ್ತ ದಿನವೂ ಆ ಕುರ್ಚಿಯಲ್ಲಿ ಅವಳೇ ಇದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

ಮಾತಾಡಿದವರು ವಿಶ್ವಂಭರ ಶಾನಭಾಗ. ಖಾಲಿ ಮೈಯ ವಿನ್ಯಾಸ ಅವರದೇ. ಕೊರಳಲ್ಲಿ ಗುರುತಿನ ಚೀಟಿ, ಕಿಸೆಯಲ್ಲಿ ಎರಡು ಪೆನ್ನು, ಕಿವಿಯಲ್ಲಿ ಫೋನಿನ ಒಂದು ಗುಬುಟು, ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ಇನ್ನೊಂದು ಗಡಿಯಾರದಂಥದು, ಬೆಲ್ಟಿಗೆ ಬೀಗದ ಕೈ, ಹೆಗಲಿನ ಚೀಲಕ್ಕೆ ಕೊಕ್ಕೆ ಹಾಕಿ ನೇತಾಡಿಸಿದ ನೀರಿನ ಬಾಟಲಿ. ಕೂರುವ ಮೊದಲು ನಾನು ಎಣಿಸಿದ್ದು ಹದಿನಾಲ್ಕು ಸಾಮಾನು. ಆ ಬಾಟಲಿ ಮೇಜಿನ ಮೂಲೆಗೆ ತಾಗಿ ಬಿತ್ತು. ಒಣ ನೆಲದ ಮೇಲೆ ಇಷ್ಟು ತೂಗಾಡುವವರು ನೀರಿನೊಳಗಿನವರಿಗೆ ಬೋಳುತನವನ್ನು ಬೋಧಿಸುತ್ತಾರೆ.

“ಕೂತ್ಕೊಳ್ಳಿ ಹರಿಕಂತ್ರ ಅವರೇ. ನಿಮ್ಮ ದುಃಖ ನಮಗೆ ಅರ್ಥ ಆಗತ್ತೆ,” ಎಂದರು.

“ಆಗ್ಲಿ,” ಎಂದೆ.

ಅವರು ಒಂದು ಕಾಗದ ಮುಂದಿಟ್ಟರು. ಕನ್ನಡ ಚೆನ್ನಾಗಿಯೇ ಇತ್ತು. ಕಂಪನಿಯವರು ಸಮುದ್ರದೊಳಗೆ ಹಗ್ಗ ಕಟ್ಟಿ ಪಾಚಿ ಬೆಳೆಸುವ ಹೊಲದ ಏಳನೆಯ ಸಾಲಿನಲ್ಲಿ, ಹದಿನೆಂಟು ಮೀಟರ್ ಆಳದಲ್ಲಿ, ಯಾರೋ ಕಳೆದುಕೊಂಡ ಹಳೆಯ ಬಲೆಯೊಂದು ಮುಳುಗುಗಾರ್ತಿಯ ಬೆನ್ನ ಮೇಲೆ ಬಂದು ಕಿವಿರುಪಟ್ಟಿಯನ್ನು ಮುಚ್ಚಿತು. ಪಟ್ಟಿಯಲ್ಲಿ ಉಳಿದಿದ್ದ ಉಸಿರು ಎರಡು ನಿಮಿಷ ಹತ್ತು ಸೆಕೆಂಡಿನದು. ಮುಳುಗುಗಾರ್ತಿ ಗಾಬರಿಗೊಂಡು ಮೊದಲ ನಲವತ್ತು ಸೆಕೆಂಡು ಮರಿಯನ್ನು ಕರೆಯಲಿಲ್ಲ. ಆಮೇಲೆ ಕರೆದಾಗ ಮರಿ ಬಂದಿತಾದರೂ ಅದರ ತಿರುಗುಪಂಖಕ್ಕೆ ಬಲೆ ಸುತ್ತಿ, ಒಂದು ಮಾರು ದೂರದಲ್ಲಿ ನಿಂತುಹೋಯಿತು. ಕೂಡಲೇ ಕರೆದಿದ್ದರೆ ಹೀಗಾಗುತ್ತಿರಲಿಲ್ಲ. ವ್ಯವಸ್ಥೆಯಲ್ಲಿ ದೋಷವಿಲ್ಲ. ಕೆಳಗೆ ತಂದೆಯ ಸಹಿಗೆ ಜಾಗ ಬಿಟ್ಟಿದ್ದರು.

“ನೀವು ಸಹಿ ಮಾಡಿದ್ರೆ ತನಿಖೆ ಮುಗಿಯತ್ತೆ. ಸೋಮವಾರ ಏಳನೇ ಸಾಲು ಶುರು ಮಾಡ್ತೀವಿ. ಮುಂದಿನ ತಿಂಗಳಿಂದ ಈ ಕರಾವಳಿಯ ಎಲ್ಲ ಮುಳುಗುಗಾರರಿಗೂ ಖಾಲಿ ಮೈಯೇ ನಿಯಮ.”

“ಬಂಡೆಯಿಂದ ಕಲಗದ ಚಿಪ್ಪು ಕೀಳುವರಿಗೂ?”

“ಎಲ್ಲರಿಗೂ.”

“ನನ್ನ ಮಗಳು ಗಾಬರಿ ಬೀಳುವಳಲ್ಲ,” ಎಂದೆ.

“ನೀರಿನ ಕೆಳಗೆ ಯಾರಿಗಾದ್ರೂ ಗಾಬರಿ ಆಗತ್ತೆ.”

“ನೀವು ಎಷ್ಟು ಸಲ ಇಳ್ದೀರಿ?”

“ನಾನು ವಿನ್ಯಾಸಕಾರ.”

“ಅಂದ್ರೆ ಇಳ್ದಿಲ್ಲ.”

ಅವರು ನಕ್ಕರು. ಮಕ್ಕಳು ಮತ್ತು ಮುದುಕರ ಮಾತಿಗೆ ನಗುವ ನಗೆ. ಸೋಮವಾರ ಆ ಬಲೆಯನ್ನು ಕೊಯ್ದು ತೆಗೆಯಲು ಯಾರು ಇಳಿಯುವುದು ಎಂದು ಕೇಳಿದೆ.

“ರಾಮದಾಸ್. ಅವರೇ ಕೇಳಿಕೊಂಡ್ರು.”

ರಾಮದಾಸ ನನ್ನ ಅಳಿಯ, ಗುಲಾಬಿಯ ಗಂಡ. ನಾನು ಸಹಿ ಮಾಡದೆ ಕಾಗದವನ್ನು ಮಡಚಿ ಅಂಗಿಯೊಳಗಿಟ್ಟುಕೊಂಡೆ. “ಸೋಮವಾರ ತರ್ತೆ,” ಎಂದೆ.

*

ಮನೆಯಲ್ಲಿ ಗುಲಾಬಿಯ ಹಳೆಯ ಮೈಪಟ್ಟಿ ದೇವರ ಗೂಡಿನ ಪಕ್ಕದ ಗೂಟದಲ್ಲಿ ನೇತಾಡುತ್ತಿತ್ತು. ಕಂಪನಿಗೆ ಸೇರುವ ಮೊದಲು ಅವಳು ಕಟ್ಟಿಕೊಳ್ಳುತ್ತಿದ್ದದ್ದು. ಅವಳಿಗೆ ಹನ್ನೆರಡು ವರ್ಷವಾದಾಗ ಹೊಲಿದುಕೊಟ್ಟು, ಆಮೇಲೆ ನಾಲ್ಕು ಸಲ ಬಿಚ್ಚಿ ಉದ್ದ ಮಾಡಿದ್ದೆ. ನೀರಿನಲ್ಲಿ ಸತ್ತವರ ಸಾಮಾನನ್ನು ನಮ್ಮಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಸಮುದ್ರಕ್ಕೆ ಕೊಡುತ್ತೇವೆ. ನನ್ನ ಹೆಂಡತಿ ದೇವಕಿ ದಿನಾ ದೀಪ ಹಚ್ಚುವಾಗ ಅದನ್ನು ನೋಡುತ್ತಿದ್ದಳು, ಆಮೇಲೆ ನನ್ನನ್ನು ನೋಡುತ್ತಿದ್ದಳು.

ಆ ಸಂಜೆಯೂ ಹೇಳಿದಳು. “ತಿಂಗಳ ದಿನ ಕಳೀತು. ಇನ್ನು ಎಷ್ಟು ದಿನ ಇಟ್ಕಂತ್ರಿ?”

“ಇರ್ಲಿ.”

“ಇರ್ಲಿ ಹೇಳಿ ಇಟ್ಕಂಡ್ರೆ ಅವಳು ಬತ್ತಾಳ?”

ಅಷ್ಟರಲ್ಲಿ ರಾಮದಾಸ ಬಂದ. ಗುಲಾಬಿ ಹೋದಂದಿನಿಂದ ಅವನು ನಮ್ಮಲ್ಲೇ ಉಣ್ಣುತ್ತಾನೆ. ದೇವಕಿ ಗಂಜಿ ಬಡಿಸಿ, ಸುಟ್ಟ ಒಣಮೀನು ಇಟ್ಟಳು. ಅವನು ತಲೆ ಬಗ್ಗಿಸಿ ತಿಂದ.

“ಆ ಬಲೆಗೆ ನೀ ಹೋಗುದು ಯಾಕೆ?” ಎಂದೆ.

“ಬೇರೆ ಯಾರು ಹೋಗುದು ಮಾವ? ಅದು ಅಲ್ಲೇ ಇರ್ಲಿ, ಇನ್ನೊಬ್ಬಳನ್ನ ಹಿಡೀಲಿ ಅಂತ್ರ?”

“ಹೋಗು. ಚಾಕು ಕಟ್ಕಂಡು ಹೋಗು.”

“ಚಾಕು ಮರಿ ಹತ್ರ ಇರ್ತದೆ.”

“ಮರಿ,” ಎಂದೆ ನಾನು. “ಬೇಲಿಯ ಆಚೆ ಚಾಕು ಇಟ್ಟು ಬೇಲಿಯ ಈಚೆ ಹಾವು ಹೊಡೀರಿ. ಅವನ್ಯಾರೋ ಬಾಟ್ಲಿ ನೇತಾಕ್ಕಂಡವ ಹೇಳ್ದ, ನೀವು ಕುಣಿದ್ರಿ. ನಲವತ್ತು ವರ್ಷ ನಾ ಕಲ್ಸಿದ್ದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ನಾಚ್ಕೆ ಆಗ್ಬೇಕು.”

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಸಿಟ್ಟಿನಿಂದ ಮಾತಾಡುವವನಲ್ಲ ರಾಮದಾಸ. ಆಗಲೂ ಸಿಟ್ಟಿನಿಂದ ಆಡಲಿಲ್ಲ.

“ಮಾವ, ನೀವು ಪರದೆ ಮೇಲೆ ಅವಳ ಕೈಯ ಗೆರೆ ನೋಡೀರಾ? ಆ ನಲವತ್ತು ಸೆಕೆಂಡಿಂದು?”

“ಇಲ್ಲ.”

“ನಾ ನೋಡ್ದೆ. ನೀವೂ ನೋಡಿ. ಆಮೇಲೆ ನಾಚ್ಕೆ ಯಾರಿಗೆ ಅಂತ ಹೇಳಿ.”

ದೇವಕಿ ನೀರಿನ ಚೆಂಬು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ಅವನು ಎದ್ದು ಕೈ ತೊಳೆದು ಹೋದ. ತಟ್ಟೆಯಲ್ಲಿ ಮೀನು ಹಾಗೆಯೇ ಉಳಿದಿತ್ತು.

*

ಶನಿವಾರ ಮಧ್ಯಾಹ್ನ ಶಾನಭಾಗರು ಊಟಕ್ಕೆ ಹೋಗುವ ಹೊತ್ತು ನೋಡಿ ಮಹಡಿ ಹತ್ತಿದೆ. ಮೋಹಿನಿ ಒಬ್ಬಳೇ ಇದ್ದಳು.

“ಅವಳ ಕೈಯ ಗೆರೆ ತೋರ್ಸು,” ಎಂದೆ.

“ಬೇಡಿ ಮಾಸ್ತರ್ರೆ.”

“ತೋರ್ಸು ಮಗಾ.”

ಅವಳು ಒಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನೀಲಿ ಅಂಗಿಯ ನೂಲಿನಲ್ಲೇ ಕೈಕಾಲಿನ ಚಲನೆ ಅಳೆಯುವ ತಂತಿಗಳಿವೆಯಂತೆ, ಬೆರಳುಗಳದು ಕೈಗವಸಿನಲ್ಲಿದೆಯಂತೆ. ಕಿಸೆಗೆ ಜಾಗವಿಲ್ಲದ ಅಂಗಿಯಲ್ಲಿ ಗುಟ್ಟು ಹೇಳುವ ತಂತಿಗಳಿಗೆ ಜಾಗವಿತ್ತು. ಪರದೆಯ ಮೇಲೆ ಒಂದು ಗೆರೆ ನೇರ ಬಂದು, ಇದ್ದಕ್ಕಿದ್ದಂತೆ ಕೆಳಗೆ ಗುಂಡಿಯಂತೆ ಇಳಿದು ಮೇಲೆ ಬಂತು. ಮತ್ತೆ ಇಳಿಯಿತು. ಮತ್ತೆ.

“ಇದು ಎಡಗೈ. ಎದೆ ಹತ್ರ ಇದ್ದದ್ದು ಕೆಳಗೆ ಹೋಗ್ತದೆ, ಬತ್ತದೆ,” ಎಂದಳು ಮೋಹಿನಿ. “ನಲವತ್ತು ಸೆಕೆಂಡಲ್ಲಿ ಹನ್ನೊಂದು ಸಲ. ಸಾಹೇಬ್ರು ‘ಅರ್ಥವಿಲ್ಲದ ಚಲನೆ’ ಅಂತ ಹೆಸರು ಹಾಕಿದ್ರು. ಗಾಬರಿ ಆದವ್ರು ಹಿಂಗೇ ಕೈ ಬಡೀತ್ರಂತೆ. ಇನ್ಮೇಲೆ ಯಾರ ಕೈ ಹಿಂಗೆ ಹೋದ್ರೂ ಕೆಂಪು ದೀಪ ಹತ್ತೂ ಹಾಂಗೆ ಮಾಡಿದ್ರು.”

“ಎಲ್ಲಿಗೆ ಹೋಗ್ತದೆ ಕೈ?”

ಅವಳು ಒಂದು ಗುಂಡಿ ಒತ್ತಿದಳು. ಮನುಷ್ಯನ ಆಕಾರದ ಒಂದು ಚಿತ್ರ ಬಂತು. ಎಡ ಸೊಂಟದ ಮೇಲೆ, ಅಡಿಕೆಯಷ್ಟು ಜಾಗದಲ್ಲಿ, ಹನ್ನೊಂದು ಚುಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದವು.

“ಬೆರಳು?”

“ಹೆಬ್ಬೆರಳು ಪ್ರತಿ ಸಲವೂ ಮೇಲೆ ತಳ್ತದೆ. ಅದ್ಯಾಕೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ.”

ನನಗೆ ಗೊತ್ತಿತ್ತು. ನಾನು ಹೊಲಿಯುವ ಚಾಕುಕಿಸೆಯ ಮುಚ್ಚಳ ಕೆಳಗಿನಿಂದ ಮೇಲಕ್ಕೆ ತೆರೆಯುತ್ತದೆ. ಹಗ್ಗ ಉಜ್ಜಿದರೂ ತಾನಾಗಿ ಬಿಚ್ಚಬಾರದೆಂದು ಹಾಗೆ ಮಾಡಿದ್ದು. ಹೆಬ್ಬೆರಳಿನಿಂದ ಒಮ್ಮೆ ಮೇಲೆ ತಳ್ಳಿದರೆ ಹಿಡಿ ಅಂಗೈಗೆ ಬರುತ್ತದೆ. ಹನ್ನೆರಡು ವರ್ಷದ ಹುಡುಗಿಯ ಕಣ್ಣಿಗೆ ಬಟ್ಟೆ ಕಟ್ಟಿ ಅಳಿವೆಯ ನೀರಿನಲ್ಲಿ ನಿಲ್ಲಿಸಿ, ನೂರು ಸಲ, ಇನ್ನೂರು ಸಲ ಮಾಡಿಸಿದ್ದೆ. ಕೈಗೆ ಯೋಚನೆ ಇರಬಾರದು ಎಂದು ಗದರಿಸಿದ್ದೆ. ಅವಳ ಕೈ ನನ್ನ ಮಾತು ಕೇಳಿತು.

ಉಸಿರಿನ ಗೆರೆ ನೋಡಿದೆ. ಅದು ನೇರವಾಗಿತ್ತು. ಗಾಬರಿ ಬಿದ್ದವರ ಉಸಿರು ಹಾಗೆ ನೇರ ಓಡುವುದಿಲ್ಲ. ಬಲಗೈ ಎದೆಯ ಮುಂದೆ ಬಲೆಯನ್ನು ದೂರ ತಳ್ಳಿ ಹಿಡಿದಿತ್ತು. ಅವಳು ಕೆಲಸ ಮಾಡುತ್ತಿದ್ದಳು. ಶಾನಭಾಗರ ಕಾಗದ ಸುಳ್ಳು ಹೇಳಿತ್ತು.

ಆದರೆ ನಲವತ್ತು ಸೆಕೆಂಡು ಹೋದದ್ದು ಸುಳ್ಳಲ್ಲ. ಮೊದಲನೆಯ ಸೆಕೆಂಡಿನಲ್ಲೇ ಬಲಗೈ ಬಿಚ್ಚಿ ತೋರಿಸಿದ್ದರೆ, ಬಲೆ ಹರಡುವ ಮೊದಲೇ ಮರಿ ಬಂದು ಚಾಕು ಕೊಡುತ್ತಿತ್ತೋ ಏನೋ. ಅವಳು ನನ್ನ ಶಿಷ್ಯೆ ಆಗದಿದ್ದರೆ ಕರೆಯುತ್ತಿದ್ದಳು. ನಿನ್ನೆ ಮೊನ್ನೆ ಕಲಿತ ಯಾವ ಹುಡುಗನಾದರೂ ಕರೆಯುತ್ತಿದ್ದ. ಕಂಪನಿ ಕಿಸೆ ಕಿತ್ತಿತು. ಕೈಯನ್ನು ಆ ಜಾಗಕ್ಕೆ ಕಟ್ಟಿದವ ನಾನು. ಆರು ವರ್ಷ ಅವರನ್ನು ಹಂಗಿಸುವುದರಲ್ಲೇ ಕಳೆದೆ. ಹೊಸ ಅಂಗಿ ಹಾಕಿಕೊಂಡ ಮಗಳನ್ನು ಒಂದು ದಿನ ಕರೆದು, ಆ ಜಾಗದಲ್ಲಿ ಇನ್ನು ಏನೂ ಇಲ್ಲ, ಮರೆತುಬಿಡು ಎಂದು ಹೇಳಲಿಲ್ಲ. ಹೇಳಿದರೆ ನಾನು ಸೋತಂತೆ ಎಂದುಕೊಂಡೆ. ಶಾನಭಾಗರ ಮೈಮೇಲೆ ಹದಿನಾಲ್ಕು ಸಾಮಾನು ಎಣಿಸಿದವನಿಗೆ ತನ್ನ ಮೈಮೇಲಿನ ಈ ಒಂದು ಕಂಡಿರಲಿಲ್ಲ.

ಎಡ ಸೊಂಟ ಎಂದರೆ ಜಟಗ. ಅವಳು ಮನಸ್ಸಿನಲ್ಲಿ ಹನ್ನೊಂದು ಸಲ ಆ ಹೆಸರು ಹೇಳಿರಬೇಕು, ಹಾಗೆ ಕಲಿಸಿದವ ನಾನೇ. ದೇವರನ್ನು ಕಿಸೆಯಲ್ಲಿ ಇಟ್ಟಿದ್ದೆ. ಕಿಸೆ ಹೋದ ಮೇಲೆ ದೇವರು ಎಲ್ಲಿರುತ್ತಾನೆ ಎಂದು ಅವಳಿಗೆ ಹೇಳಿಕೊಟ್ಟಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮೋಹಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮರಿನ ಹತ್ರ ಕಳ್ಸಿದವಳು ನಾನೇ ಮಾಸ್ತರ್ರೆ. ಅದು ತಾನಾಗೇ ಬತ್ತಿತ್ತು, ಅವಳು ಕೈ ಬಿಚ್ಚಿದ ಕೂಡ್ಲೆ ನಾ ಈ ಹಿಡಿಕೆ ತಳ್ಳಿ ಜೋರು ಓಡ್ಸಿದೆ. ಜೋರು ಓಡ್ಸಿದ್ದಕ್ಕೇ ಪಂಖಕ್ಕೆ ಬಲೆ ಸುತ್ತಿತು.”

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ.

*

ಭಾನುವಾರ ಸ್ನಾನ ಮಾಡಿ, ದೀಪ ಹಚ್ಚಿ, ಗೂಟದಿಂದ ಗುಲಾಬಿಯ ಮೈಪಟ್ಟಿಯನ್ನು ಇಳಿಸಿದೆ. ಕಿಸೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಮೇಲೆ ತಳ್ಳಿದೆ. ಚಾಕು ಅಂಗೈಗೆ ಬಂತು. ಕಿರುಬೆರಳಿನಷ್ಟು ಉದ್ದದ ಅಲಗು, ತುದಿ ಮೊಂಡು, ಒಂದು ಬದಿ ಗರಗಸದ ಹಲ್ಲು. ತೂಕ ಮೂವತ್ತೆಂಟು ಗ್ರಾಮು. ತುಕ್ಕು ಇರಲಿಲ್ಲ. ದೇವಕಿ ಯಾವಾಗಲೋ ಕೊಬ್ಬರಿ ಎಣ್ಣೆ ಹಚ್ಚಿಟ್ಟಿದ್ದಳು.

ರಾಮದಾಸನನ್ನು ಕರೆಸಿದೆ. ಅವನು ಜಗಲಿಯಲ್ಲೇ ನಿಂತ.

“ನೋಡ್ದೆ,” ಎಂದೆ. “ನಾಚ್ಕೆ ನನಗೆ.”

ಅವನು ಒಳಗೆ ಬಂದು ಕುಳಿತ.

“ನಿನ್ನ ಕೈಯನ್ನೂ ನಾನೇ ಕಲ್ಸಿದ್ದು. ನಾಳೆ ಆ ಬಲೆ ನಿನ್ನ ಮೇಲೆ ಬಂದ್ರೆ ನಿನ್ನ ಕೈ ಎಲ್ಲಿಗೆ ಹೋಗ್ತದೆ?”

ಅವನು ತನ್ನ ಎಡ ಸೊಂಟ ಮುಟ್ಟಿದ. “ಅಲ್ಲಿಗೇ,” ಎಂದ.

“ಆರು ವರ್ಷದಲ್ಲೂ ಆ ರೂಢಿ ಬಿಟ್ಟಿಲ್ಲ?”

“ಸುಮ್ನೆ ಇರುವಾಗ ಬಿಟ್ಟದೆ. ಅವಳಿಗೂ ಬಿಟ್ಟಿತ್ತು ಮಾವ. ಅವಳೇ ಹೇಳ್ತಿದ್ಲು, ಈಗ ಜಟಗನ ನೆನಪೇ ಬರುದಿಲ್ಲ ಅಂತ.”

“ಕೈಯಲ್ಲಿರು ರೂಢಿನ ಒಂದು ದಿನದಲ್ಲಿ ತೆಗೀಲಿಕ್ಕೆ ನನ್ನ ಹತ್ರ ಆಗುದಿಲ್ಲ. ಕೈ ಹೋಗೂ ಜಾಗದಲ್ಲಿ ಚಾಕು ಇಡ್ಲಿಕ್ಕೆ ಆಗ್ತದೆ. ಅಂಗಿ ತಾ.”

“ಕಟ್ಟೆ ಮೇಲೆ ತಪಾಸಣೆ ಮಾಡ್ತ್ರು. ತೂಕ ನೋಡ್ತ್ರು, ಮೈ ತುಂಬ ಬೆಳಕು ಬಿಟ್ಟು ಉಬ್ಬು ಉಂಟಾ ನೋಡ್ತ್ರು. ಸಿಕ್ಕಿದ್ರೆ ಇನ್ನು ಇಳೀಲಿಕ್ಕೇ ಬಿಡುದಿಲ್ಲ.”

“ಅವ್ರ ತಪಾಸಣೆ,” ಎಂದೆ. ಆಗ ಮಾತ್ರ ನನ್ನ ಹಳೆಯ ದನಿ ಬಂತು. “ಹೊಲಿಗೆ ಬಾರದವರ ತಪಾಸಣೆ.”

ನೀಲಿ ಅಂಗಿಯ ಎಡ ಪಕ್ಕದಲ್ಲಿ ಕಂಕುಳಿನಿಂದ ತೊಡೆಯವರೆಗೆ ಒಂದು ದಪ್ಪ ಹೊಲಿಗೆಯ ಜೋಡಣೆ ಇದೆ. ಅದರಲ್ಲಿ ನಾಲ್ಕು ಬೆರಳಿನಷ್ಟನ್ನು ಬಿಚ್ಚಿ, ತಂತಿಗೆ ತಾಗದಂತೆ ಒಳಪದರ ಸರಿಸಿ, ಅಲಗಿನಷ್ಟೇ ಅಗಲದ ಕಿಸೆಯನ್ನು ಜೋಡಣೆಯೊಳಗೇ ಅಡಗಿಸಿದೆ. ಮುಚ್ಚಳ ಕೆಳಗಿನಿಂದ ಮೇಲಕ್ಕೆ. ಮೇಣ ಹಚ್ಚಿದ ದಾರ, ದಬ್ಬಣ, ಬೆರಳಿಗೆ ತೊಗಲಿನ ಟೋಪಿ. ಚಾಕುವಿನ ಹಿಡಿಗೆ ಎರಡು ಮೊಳ ತೆಳ್ಳನೆಯ ದಾರ ಕಟ್ಟಿ ಅದರ ತುದಿಯನ್ನು ಜೋಡಣೆಗೆ ಹೊಲಿದೆ, ಕೈ ಜಾರಿದರೂ ಕಳೆದುಹೋಗದಂತೆ. ಬೆಳಿಗ್ಗೆ ಹಿಡಿದವನು ಎದ್ದಾಗ ಬಿಸಿಲು ಜಗಲಿ ದಾಟಿತ್ತು. ಮುಳುಗಲೆಂದು ಅಂಗಿಯ ಜೊತೆ ಕಂಪನಿಯವರೇ ಕೊಡುವ ತೂಕದ ಬೆಲ್ಟಿನಿಂದ ಮೂವತ್ತೆಂಟು ಗ್ರಾಮಿನಷ್ಟು ಸೀಸವನ್ನು ಕೆರೆದು ತೆಗೆದೆ. ಅಂಗಿಯ ಮೇಲೆ ಅಂಗೈ ಎಳೆದು ನೋಡಿದೆ. ಉಬ್ಬು ತಿಳಿಯಲಿಲ್ಲ.

ದೇವಕಿ ಗೂಟದ ಕೆಳಗೆ ಬಿದ್ದಿದ್ದ ಖಾಲಿ ಮೈಪಟ್ಟಿಯನ್ನು ಮಡಚಿ ಎತ್ತಿಕೊಂಡಳು. ನಾನು ಅವಳ ಮುಖ ನೋಡಿದೆ. ಮಗಳ ಚಾಕುವನ್ನು ಕೇಳದೆ ತೆಗೆದುಕೊಂಡಿದ್ದೆ.

“ಸಮುದ್ರಕ್ಕೆ ಕೊಡುದೇ ಆದ್ರೆ ಹಿಂಗೂ ಕೊಡ್ಲಕ್ಕು,” ಎಂದಳು. ಆಮೇಲೆ ರಾಮದಾಸನ ಕಡೆ ತಿರುಗಿ, “ಮೀನು ಸುಡ್ತೆ, ಉಂಡ್ಕಂಡು ಹೋಗು,” ಎಂದಳು.

*

ಸೋಮವಾರ ಹತ್ತು ಗಂಟೆಗೆ ನಾನು ನಿಯಂತ್ರಣ ಕೊಠಡಿಯಲ್ಲಿದ್ದೆ. ಶಾನಭಾಗರು ಪೆನ್ನು ಕೊಟ್ಟರು.

“ಅಳಿಯ ಮೇಲೆ ಬಂದ ಮೇಲೆ,” ಎಂದೆ.

“ಅಷ್ಟರವರೆಗೆ ಇಲ್ಲೇ ಕೂತಿರ್ತೀರಾ?”

“ನನಗೆ ಬೇರೆ ಕೆಲಸ ಇಲ್ಲ.”

ರಾಮದಾಸ ತಪಾಸಣೆ ದಾಟಿ ಇಳಿದಿದ್ದ. ಪರದೆಯ ಮೇಲೆ ಮರಿಯ ಕಣ್ಣಿಗೆ ಕಾಣುವ ಚಿತ್ರ ಓಡುತ್ತಿತ್ತು. ಹಸಿರು ನೀರು, ಪಾಚಿಯ ಹಗ್ಗಗಳ ಸಾಲು, ಅವುಗಳಿಗೆ ಸಿಕ್ಕಿಕೊಂಡು ಮನೆಯ ಮಾಡಿನಷ್ಟು ದೊಡ್ಡದಾಗಿ ಹರಡಿದ್ದ ಆ ಬಲೆ. ಅದರ ಮೇಲೆಲ್ಲ ಪಾಚಿ ಕಟ್ಟಿತ್ತು. ರಾಮದಾಸ ಕೈ ಬಿಚ್ಚಿದ, ಮರಿ ದೊಡ್ಡ ಕತ್ತಿಯನ್ನು ಕೊಟ್ಟು ಹಿಂದೆ ಸರಿಯಿತು. ಅವನು ಒಂದು ತುದಿಯಿಂದ ಕೊಯ್ಯುತ್ತ ಬಂದ. ಅರ್ಧ ತಾಸು ಎಲ್ಲವೂ ಸರಿಯಾಗಿತ್ತು. ಶಾನಭಾಗರು ನನ್ನ ಕಡೆ ನೋಡಿ, “ನೋಡಿದ್ರಾ, ಎಷ್ಟು ಸಲೀಸು,” ಎಂದರು.

ಕೊಯ್ದ ಬಲೆಯ ಭಾರ ಒಂದೇ ಕಡೆಗೆ ಬಂದಿತ್ತು. ಇಳಿತದ ನೀರು ತಿರುಗಿದ ಕೂಡಲೇ ಅದು ಬಾಗಿಲಿನಂತೆ ತಿರುಗಿ, ಅವನ ಬೆನ್ನ ಮೇಲೆ ಮುಚ್ಚಿಕೊಂಡಿತು. ದೊಡ್ಡ ಕತ್ತಿ ಕೈತಪ್ಪಿ ಕೆಳಗೆ ಹೋದದ್ದು ಕಂಡಿತು. ಆಮೇಲೆ ಬಲೆಯ ಹೊರತು ಏನೂ ಕಾಣಲಿಲ್ಲ. ಪಂಪಿನ ನೀರಿನ ಅಂಕಿ ಇನ್ನೂರರಿಂದ ಮೂವತ್ತಕ್ಕೆ ಬಿತ್ತು.

“ಮರಿ ಹತ್ತಿರ ಕಳಿಸಿ. ಬೇಗ,” ಎಂದರು ಶಾನಭಾಗರು.

“ಮೋಹಿನಿ,” ಎಂದೆ ನಾನು. “ಕಳ್ಸಬೇಡ. ಮತ್ತೆ ಸುತ್ತತದೆ.”

“ನೀವು ಸುಮ್ಮನಿರಿ. ಮೋಹಿನಿ, ಕಳಿಸಿ.”

ಅವಳ ಕೈ ಹಿಡಿಕೆಯ ಮೇಲಿತ್ತು. ಅವಳು ಅದನ್ನು ತಳ್ಳಲಿಲ್ಲ, ಬಿಡಲೂ ಇಲ್ಲ. ಆ ಹೊತ್ತಿಗೆ ಎಡಗೈಯ ಗೆರೆ ಗುಂಡಿಯಂತೆ ಕೆಳಗಿಳಿಯಿತು. ಕೆಂಪು ದೀಪ ಹತ್ತಿತು.

“ಅದೇ, ಅದೇ ಚಲನೆ. ಗಾಬರಿ ಆಗಿದ್ದಾರೆ,” ಎಂದರು ಶಾನಭಾಗರು. ಅವರ ದನಿ ಒಡೆದಿತ್ತು. ಅವರೂ ಗುಲಾಬಿಯ ಗೆರೆಯನ್ನು ಬಹಳ ಸಲ ನೋಡಿರಬೇಕು ಎಂದು ನನಗೆ ಆಗ ತಿಳಿಯಿತು.

ನಾನು ಒಂದು ಎಂದು ಎಣಿಸಿದೆ. ಹೆಬ್ಬೆರಳು ಮೇಲೆ ತಳ್ಳಿತು. ಎರಡನ್ನು ಕಾಯುತ್ತ ಕುಳಿತೆ. ಜೀವಮಾನದಲ್ಲಿ ನಾನು ಮಾಡಿದ ಪ್ರಾರ್ಥನೆಗಳೆಲ್ಲ ಏನನ್ನಾದರೂ ಕೊಡು ಎಂದು ಕೇಳಿದವು. ಅವತ್ತು ಒಂದು ಅಂಕಿ ಬಾರದಿರಲಿ ಎಂದು ಕೇಳಿದೆ.

ಎರಡು ಬರಲಿಲ್ಲ. ಕೈ ಎದೆಗೆ ಬಂತು, ಹೆಗಲಿನ ಹಿಂದಕ್ಕೆ ಹೋಯಿತು. ಅಲ್ಲಿ ಗೆರೆ ಸಣ್ಣಗೆ ಹಿಂದೆ ಮುಂದೆ ನಡುಗತೊಡಗಿತು. ಗರಗಸದ ಹಲ್ಲಿನ ನಡುಗು ಅದು. ಮೂವತ್ತು ಇದ್ದದ್ದು ನಲವತ್ತಾಯಿತು. ಬಹಳ ಹೊತ್ತು ನಲವತ್ತರಲ್ಲೇ ನಿಂತಿತು. ಆಮೇಲೆ ತೊಂಬತ್ತು, ನೂರಾಹತ್ತು, ಇನ್ನೂರು. ಮರಿಯ ಕಣ್ಣಿಗೆ, ಬಲೆಯ ನಡುವಿನ ಒಂದು ಸೀಳಿನಿಂದ ಹೊರಬರುವ ನೀಲಿ ತೋಳು ಕಂಡಿತು. ಮೋಹಿನಿ ಹಿಡಿಕೆಯಿಂದ ಕೈ ತೆಗೆದು ತನ್ನ ಬಾಯಿಯ ಮೇಲಿಟ್ಟುಕೊಂಡಳು.

ಶಾನಭಾಗರು ಕುಳಿತರು. ಕುಳಿತಾಗ ಬಾಟಲಿ ಮತ್ತೆ ಬಿತ್ತು, ಯಾರೂ ಎತ್ತಲಿಲ್ಲ.

“ಅವರ ಹತ್ತಿರ ಏನಿತ್ತು?” ಎಂದು ಕೇಳಿದರು.

“ಮೂವತ್ತೆಂಟು ಗ್ರಾಮು,” ಎಂದೆ. ಅಂಗಿಯೊಳಗಿಂದ ಕಾಗದ ತೆಗೆದು, ಸಹಿಯಿಲ್ಲದೆ, ಅವರ ಮುಂದಿಟ್ಟೆ.

ಕೆಂಪು ದೀಪ ಇನ್ನೂ ಮಿಣುಕುತ್ತಿತ್ತು. ಮುಳುಗುಗಾರ ಬದುಕಿ ಹೊರಬಂದಿದ್ದರಿಂದ ಹಳೆಯ ಹೆಸರು ಸರಿಹೊಂದುತ್ತಿಲ್ಲ, ಈ ಚಲನೆಗೆ ಹೊಸ ಹೆಸರು ಕೊಡಿ ಎಂದು ಯಂತ್ರ ಕೇಳುತ್ತಿತ್ತು. ಮೋಹಿನಿ ಶಾನಭಾಗರನ್ನು ನೋಡಿದಳು. ಅವರು ಸಹಿಯಿಲ್ಲದ ಕಾಗದವನ್ನೇ ನೋಡುತ್ತಿದ್ದರು. ನನ್ನನ್ನು ನೋಡಿದಳು.

“ಜಟಗ ಅಂತ ಬರಿ,” ಎಂದೆ.

ಅವಳು ಬರೆದಳು. ದೀಪ ಆರಿತು. ಪರದೆಯ ಮೇಲೆ ಇನ್ನೊಂದು ಸಾಲು ಬಂತು. ಇದೇ ಆಕಾರದ ಹಳೆಯ ಚಲನೆಗಳು ದಾಖಲೆಯಲ್ಲಿ ಹನ್ನೊಂದು ಇವೆ, ಅವಕ್ಕೂ ಇದೇ ಹೆಸರು ಹಾಕಲೇ ಎಂದು.

“ಮಾಸ್ತರ್ರೆ?” ಎಂದಳು ಮೋಹಿನಿ.

“ಹಾಕು,” ಎಂದೆ.